ಯಾರಿಗಪ್ಪಾ ಜ್ವರ?

ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕೋ ಮನೆಗೆ ಹೋದರೆ ಮೊದಲ ಮಾತೇ "ಎಷ್ಟನೇ ಜ್ವರ?" ಅಂತ. ಹೊಸಬರಿಗೆ ಗಾಬರಿಯಾಗಬೇಕು. ಹುಳ ಪೊರೆ ಬಿಡೋಕೆ ತಲೆಯೆತ್ತಿ ಸುಮ್ಮನೆ ಕೂರುತ್ತಲ್ಲ, ಅದೇ ಜ್ವರ. ಗೂಡು ಕಟ್ಟೋಷ್ಟರಲ್ಲಿ ನಾಲ್ಕು ಸಲ ಬರುತ್ತೆ, ಬರದಿದ್ದರೇ ಯೋಚನೆ. ನಮ್ಮ ನೆಂಟರ ಹುಡುಗ ಒಬ್ಬ ಹೊಸದಾಗಿ ಹುಳ ಮೇಯಿಸೋಕೆ ಇಳಿದವನು, ಫೋನ್ ಹಿಡಿದು ಅದರೊಳಗಿನ ಎಐಯನ್ನು "ಮೂರನೇ ಜ್ವರಕ್ಕೆ ಕೂತವೆ, ಏನು ಕೊಡಬೇಕು?" ಅಂತ ಕೇಳಿದ. ಅದು ಒಂದೇ ಉಸಿರಿಗೆ ಪ್ಯಾರಾಸಿಟಮಾಲ್, ಒದ್ದೆ ಬಟ್ಟೆ, ಗಂಜಿ, ವಿಶ್ರಾಂತಿ ಅಂತ ಒಪ್ಪಿಸಿಬಿಟ್ಟಿತು. ವಿಶ್ರಾಂತಿ ಒಂದು ಸರಿ ಅನ್ನಿ. ಉಳಿದದ್ದಿರಲಿ, ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪೂ ಹಾಕಬಾರದು.

ತಪ್ಪು ಹೇಳಿತು ಅಂತ ನಾನೇನೂ ಬೇಜಾರು ಮಾಡ್ಕೊಳ್ಳಲಿಲ್ಲ. ಆದರೆ "ಯಾರಿಗಪ್ಪಾ ಜ್ವರ?" ಅಂತ ಒಂದು ಮಾತು ಕೇಳಬಾರದಾ? ಮೆಡಿಕಲ್ ಸ್ಟೋರಿನ ಹುಡುಗನೂ ಮಾತ್ರೆ ಕತ್ತರಿಸೋ ಮುಂಚೆ "ದೊಡ್ಡೋರ್ಗಾ, ಮಕ್ಕಳಿಗಾ?" ಅಂತಾನೆ, ಅಲ್ವಾ?

ಹಳೇ ಯಂತ್ರಗಳು ಕೇಳ್ತಿದ್ದವು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಮೈಸಿನ್ ಅಂತ ಒಂದನ್ನು ಮಾಡಿದ್ದರು. ರಕ್ತಕ್ಕೆ ಸೇರಿದ ಸೋಂಕು ಯಾವುದು, ಅದಕ್ಕೆ ಯಾವ ಆಂಟಿಬಯಾಟಿಕ್ ಅಂತ ಡಾಕ್ಟರುಗಳಿಗೇ ಹೇಳೋ ಕಂಪ್ಯೂಟರ್ ಪ್ರೋಗ್ರಾಂ. ಹೊಟ್ಟೆಯಲ್ಲಿ ಸುಮಾರು 600 ನಿಯಮ. ಹೆಣ್ಣು ನೋಡೋಕೆ ಬಂದ ಹಿರಿಯರ ಹಾಗೆ ಪ್ರಶ್ನೆ ಮೇಲೆ ಪ್ರಶ್ನೆ. ಸಾಕಾಗಿ "ಯಾಕೆ?" ಅಂತ ಟೈಪ್ ಮಾಡಿದರೆ, ಯಾಕೆ ಕೇಳ್ತಿದ್ದೀನಿ ಅಂತಲೂ ಹೇಳ್ತಿತ್ತಂತೆ. ಅಷ್ಟು ಮರ್ಯಾದೆ! ಪರೀಕ್ಷೆಯಲ್ಲಿ ತಜ್ಞರಿಗೆ ಸರಿಸಮ ನಿಂತಿತು. ಆದರೂ ವಾರ್ಡಿನೊಳಗೆ ಬಳಕೆಗೆ ಬರಲೇ ಇಲ್ಲ. ಕೂತು ಅಷ್ಟೆಲ್ಲ ಉತ್ತರ ಒತ್ತೋ ಪುರುಸೊತ್ತು ಯಾವ ಡಾಕ್ಟರಿಗಿದೆ ಹೇಳಿ. ಈಗಿನವು ಅದಕ್ಕೆ ಉಲ್ಟಾ. ನಾವು ಬಾಯಿ ಮುಚ್ಚೋದರೊಳಗೆ ಉತ್ತರ ರೆಡಿ.

ಗೌರಿಬಿದನೂರಿನಲ್ಲಿ ಗೊತ್ತಿರೋ ಅಜ್ಜಿಯೊಬ್ಬರಿದ್ದಾರೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. "ಮೋಕಾಳ್ಳು ನೊಪ್ಪಿ, ಏನ್ ಮಾಡ್ಬೇಕು ಹೇಳಪ್ಪಾ" ಅಂದರೆ ಫೋನು ಪಾಪ ತಬ್ಬಿಬ್ಬು. ಮೊಮ್ಮಗಳು ನೆಟ್ಟಗೆ "ಮಂಡಿ ನೋವು" ಅಂತ ತಿದ್ದಿದ ಮೇಲೆ ಶುರು ಮಾಡಿತು. ವಯಸ್ಸು, ತೂಕ, ಸವೆತ, ವ್ಯಾಯಾಮ, ಕೊನೆಗೆ "ಚೆನ್ನಾಗಿ ನೀರು ಕುಡಿಯಿರಿ." ಯಾವ ನೀರು? ಗೌರಿಬಿದನೂರು, ಚಿಂತಾಮಣಿ ಸೀಮೆಯ ಬೋರ್ ನೀರಿನ ಕತೆ ನಿಮಗೆ ಗೊತ್ತೇ ಇದೆ. ಗ್ರಾನೈಟ್ ಬಂಡೆಯೊಳಗಿನ ಫ್ಲೋರೈಡ್ ಹೊತ್ತು ಬರುತ್ತೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು, ಇನ್ನೂ ಹೆಚ್ಚಿದ್ದರೆ ದೊಡ್ಡವರ ಕೀಲು ಬಿಗಿ. ಇಲ್ಲಿ ಪಳಗಿದ ಡಾಕ್ಟರಾದರೆ ಮಂಡಿ ಮುಟ್ಟೋ ಮೊದಲು ಹಲ್ಲು ನೋಡಿ, "ಯಾವೂರಮ್ಮ? ಬೋರ್ ನೀರಾ, ಕ್ಯಾನ್ ನೀರಾ?" ಅಂತಾರೆ. 104 ಆರೋಗ್ಯವಾಣಿಗೆ ಫೋನ್ ಮಾಡಿದರೂ ಆ ಕಡೆ ಒಬ್ಬರು ಕೂತಿರ್ತಾರೆ, ವಯಸ್ಸೆಷ್ಟು, ಯಾವಾಗಿಂದ ಅಂತ ವಿಚಾರಿಸ್ತಾರೆ.

ಪ್ರಶ್ನೆ ಕೇಳೋರು ಅಂದರೆ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ನಮ್ಮ ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳನ್ನೇ ಪರೀಕ್ಷೆಗೆ ಕರೆದ ಪುಣ್ಯಾತ್ಮರು. ಈ ಫೋನನ್ನು ಅವರ ಕೈಗೆ ಕೊಟ್ಟಿದ್ದರೆ ಎರಡು ನಿಮಿಷದಲ್ಲಿ ಬೆವರಿಳಿಸ್ತಿದ್ದರೇನೋ...

ಆದರೆ ಇನ್ನೊಂದು ಮಗ್ಗುಲೂ ಇದೆ ಕಣ್ರೀ. ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ, ಅದೂ ಬಸ್‌ಸ್ಟ್ಯಾಂಡ್ ಮೈಕಿನಷ್ಟು ಜೋರಾಗಿ. ಹಾಗಾಗಿ ಜನ ಉಪಾಯ ಕಂಡುಕೊಂಡಿದ್ದಾರೆ. ಚಿಕ್ಕಬಳ್ಳಾಪುರದಲ್ಲಿ ಟೀ ಅಂಗಡಿ ಮುಂದೆ ಕೂತಿದ್ದ ಒಬ್ಬರು ಮೆಲ್ಲಗೆ ಫೋನಿಗೆ, "ನಮ್ಮ ಸ್ನೇಹಿತರೊಬ್ಬರಿಗೆ ಮೂಲವ್ಯಾಧಿ" ಅಂದರು. ಅದು ಯಾವ ಸ್ನೇಹಿತರು, ಎಷ್ಟು ದಿನದಿಂದ ಅಂತೆಲ್ಲ ಕೆದಕದೆ, ಸೊಪ್ಪು ತಿನ್ನಿ, ಖಾರ ಬಿಡಿ, ರಕ್ತ ಕಂಡರೆ ಡಾಕ್ಟರ ಹತ್ತಿರ ಹೋಗಿ ಅಂತ ಹೇಳಿ ಮುಗಿಸಿತು. ಇಂಥಾ ಹೊತ್ತಲ್ಲಿ ಮಾತ್ರ ಮರುಪ್ರಶ್ನೆ ಕೇಳದಿರೋದೇ ವಾಸಿ, ಅಲ್ವಾ? ಕೊನೆಗೆ "ನಿಮ್ಮ ಸ್ನೇಹಿತರು ಬೇಗ ಗುಣವಾಗಲಿ" ಅಂತ ಬೇರೆ ಹಾರೈಸಿತು. ಅಂಗಡಿಯವನು ಒಂದು ಮಾತಾಡದೆ ಅವರ ಮುಂದಿದ್ದ ಮೆಣಸಿನಕಾಯಿ ಬಜ್ಜಿ ತಟ್ಟೆ ಎತ್ತಿಟ್ಟುಕೊಂಡ.