ಪತನಪರ್ವ: ಪರಿಷ್ಕೃತ ಆವೃತ್ತಿ

ಈ ಪ್ರಬಂಧದ ವಸ್ತುವಿನ ತೂಕ 238 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ನಾನೇ ತೂಗಿದ್ದೇನೆ. ತಕ್ಕಡಿಗೆ ಅಂಟಿದ್ದ ರವೆಯನ್ನು ಒರೆಸಿ ಮತ್ತೊಮ್ಮೆ ತೂಗಿದರೂ ಅಷ್ಟೇ ಬಂದದ್ದರಿಂದ ವಿದ್ವಾಂಸರು ಈ ಅಂಕಿಯನ್ನು ನಂಬಬಹುದು. ನಾಲ್ಕು ಮೋಟಾರು, ನಾಲ್ಕು ಪ್ರೊಪೆಲ್ಲರು, ನಡುವೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಮಿದುಳು, ಮೇಲೆ ಬೆಲ್ಟಿನಿಂದ ಬಿಗಿದ ಬ್ಯಾಟರಿ. ಮೊಮ್ಮಗ ಬಿಡಿಭಾಗ ತಂದು ಬೆಸುಗೆ ಹಾಕಿ ಸ್ವಂತವಾಗಿ ಕಟ್ಟಿದ ಕ್ವಾಡ್‌ಕಾಪ್ಟರ್. ಕಳೆದ ಮಾಘಮಾಸದ ಒಂದು ಭಾನುವಾರ, ಸಾಸವಡದ ಆಚೆ ನಮ್ಮ ಬೀಗರ ಅಂಜೂರದ ತೋಟದ ಮೇಲೆ, ಒಂದು ತೆಂಗಿನಮರದಷ್ಟು ಎತ್ತರದಲ್ಲಿ ಅದು ಇದ್ದಕ್ಕಿದ್ದಂತೆ ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ಬಿಟ್ಟ ಗಳಿಗೆಗೂ ನೆಲ ಮುಟ್ಟಿದ ಗಳಿಗೆಗೂ ನಡುವೆ ಹೆಚ್ಚೆಂದರೆ ಎರಡು ಸೆಕೆಂಡು. ಆ ಎರಡು ಸೆಕೆಂಡಿನ ಮೇಲೆ ನಮ್ಮ ಮನೆಯಲ್ಲಿ ನಾಲ್ಕು ವಾರ ವಾದ ನಡೆಯಿತು.

ವಾದವನ್ನು ಶಾಸ್ತ್ರದ ದಾರಿಗೆ ತರುವ ಹೊಣೆ ನನ್ನ ಮೇಲೆ ಬಿತ್ತು. ಅಂದರೆ ನಾನೇ ಎಳೆದುಕೊಂಡೆ. ಧಾರವಾಡದಲ್ಲಿ ಮೂವತ್ತೊಂದು ವರ್ಷ ಹಳಗನ್ನಡವನ್ನೂ ಗ್ರಂಥಸಂಪಾದನೆಯನ್ನೂ ಪಾಠ ಮಾಡಿ, ನಿವೃತ್ತಿಯಾದ ಮೇಲೆ ಪುಣೆಯ ಎರಂಡವಣೆಯಲ್ಲಿರುವ ಮಗಳ ಮನೆಗೆ ಬಂದವನು ನಾನು. ದಿನಾ ಬೆಳಿಗ್ಗೆ ಲಾ ಕಾಲೇಜು ರಸ್ತೆಯಲ್ಲಿ ತಿರುಗಾಡುತ್ತ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಸ್ಥೆಯ ಗೇಟಿನ ಮುಂದೆ ಎರಡು ನಿಮಿಷ ನಿಲ್ಲುತ್ತೇನೆ. ಉಸಿರು ಸುಧಾರಿಸಿಕೊಳ್ಳಲು ಎಂದು ಮನೆಯವರು ತಿಳಿದಿದ್ದಾರೆ. ಆ ಗೇಟಿನ ಒಳಗೆ 1919ರಲ್ಲಿ ಶುರುವಾದ ಮಹಾಭಾರತದ ಸಂಪಾದನೆ 1966ರಲ್ಲಿ ಮುಗಿಯಿತು. 1,259 ಹಸ್ತಪ್ರತಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರು. ಸುಖಠಣಕರರು 1925ರಲ್ಲಿ ಪ್ರಧಾನ ಸಂಪಾದಕರಾಗಿ ಹಾಕಿಕೊಟ್ಟ ಕ್ರಮ ಇಷ್ಟೇ: ಎಷ್ಟು ಬಾಯಿ ಇದೆಯೋ ಅಷ್ಟೂ ಬಾಯಿಯ ಮಾತು ಕೇಳು, ಯಾವ ಬಾಯಿಯನ್ನೂ ಪೂರ್ತಿ ನಂಬಬೇಡ. ನಲವತ್ತೇಳು ವರ್ಷದಲ್ಲಿ ಅಷ್ಟು ದೊಡ್ಡ ಯುದ್ಧವನ್ನೇ ಇತ್ಯರ್ಥ ಮಾಡಿದ ಕ್ರಮಕ್ಕೆ ಎರಡು ಸೆಕೆಂಡು ಯಾವ ಲೆಕ್ಕ?

ಪುಣೆಯಲ್ಲೇ ಹಾರಿಸದೆ ಸಾಸವಡದ ತನಕ ಹೋದದ್ದೇಕೆ ಎಂದು ಕೇಳಿದವರಿಗೆ ಒಂದು ಟಿಪ್ಪಣಿ. ಲೋಹಗಾಂವದಲ್ಲಿ ವಾಯುಪಡೆಯ ನೆಲೆ, ಖಡಕವಾಸ್ಲಾದಲ್ಲಿ ಎನ್‌ಡಿಎ. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಒಳಗಿನದು ‘ನ್ಯಾನೊ’, ಹಾರಿಸುವವನಿಗೆ ಲೈಸೆನ್ಸು ಬೇಡ. ಆದರೆ ನಕ್ಷೆಯಲ್ಲಿ ಆಕಾಶ ಕೆಂಪಿದ್ದರೆ ನ್ಯಾನೊಗೂ ಅದು ಕೆಂಪೇ. ಹಸಿರು ಹುಡುಕುತ್ತ ಹೋದದ್ದು ಬೀಗರ ತೋಟಕ್ಕೆ. ಆ ಕಡೆಗೂ ವಿಮಾನ ನಿಲ್ದಾಣ ಬರುತ್ತದೆ ಎಂದು ಬೀಗರು ವರ್ಷಗಳಿಂದ ಕೇಳುತ್ತಿದ್ದಾರೆ. ಸದ್ಯಕ್ಕೆ ಬರುತ್ತಿರುವುದು ಅಂಜೂರ.

ಇನ್ನು ಪ್ರತಿಗಳ ವಿವರ. ಮೊಮ್ಮಗನ ಹೇಳಿಕೆಗೆ ‘ಮೊ’, ಬೀಗರದಕ್ಕೆ ‘ಬೀ’, ನನ್ನ ಹೆಂಡತಿಯದಕ್ಕೆ ‘ಹೆ’, ‘ನಾ’ ಎಂದರೆ ನಾನಲ್ಲ, ತೋಟದ ನಾಯಿ. ಘಟನೆ ನಡೆದಾಗ ನಾನು ಅಂಜೂರದ ಬುಟ್ಟಿಯ ಕಡೆ ನೋಡುತ್ತಿದ್ದೆನಾದ್ದರಿಂದ ಸಂಪಾದಕನಿಗೆ ಇರಬೇಕಾದ ನಿರ್ಲಿಪ್ತತೆ ನನಗೆ ತಾನಾಗಿ ಒದಗಿತ್ತು.

‘ಮೊ’ ಪ್ರತಿಗೆ ಎರಡು ಶಾಖೆ. ತಾಯಿಯ ಎದುರಿಗೆ ಹೇಳಿದ್ದು ಸಂಕ್ಷಿಪ್ತ ಶಾಖೆ: “ಅದs ತಾನs ಬಿತ್ತು.” ರಾತ್ರಿ ಗೆಳೆಯನಿಗೆ ಫೋನಿನಲ್ಲಿ ಹೇಳಿದ್ದು ವಿಸ್ತೃತ ಶಾಖೆ: ಬಲಕ್ಕೆ ಜೋರಾಗಿ ತಿರುಗಿಸಿದೆ, ಒಮ್ಮೆಲೇ ಹಿಂದಿನ ಎಡಮೂಲೆ ಕುಸಿಯಿತು, ಗರಗರ ತಿರುಗುತ್ತ ಚೀರಿಕೊಂಡು ಬಂತು. ಎರಡನೆಯದು ದೊಡ್ಡದಾದ್ದರಿಂದ ಪ್ರಕ್ಷಿಪ್ತ ಎಂದು ಅವಸರದ ಸಂಪಾದಕ ಹೊಡೆದುಹಾಕುತ್ತಿದ್ದ. ನಾನು ‘ಚೀರಿಕೊಂಡು’ ಎಂಬ ಒಂದು ಪದಕ್ಕಾಗಿ ಉಳಿಸಿಕೊಂಡೆ. ಕ್ಲಿಷ್ಟ ಪಾಠವೇ ಮೂಲಪಾಠ ಎನ್ನುವುದು ನಮ್ಮ ಶಾಸ್ತ್ರದ ಹಳೆಯ ಸೂತ್ರ. ಲಿಪಿಕಾರ ಕಷ್ಟದ ಪದವನ್ನು ಸುಲಭ ಮಾಡುತ್ತಾನೆಯೇ ಹೊರತು ಸುಲಭದ್ದನ್ನು ಕಷ್ಟ ಮಾಡುವುದಿಲ್ಲ. ಬೀಳುವ ವಸ್ತು ಸುಮ್ಮನೆ ಬೀಳಬೇಕು. ಚೀರಿತು ಎಂದು ಯಾರೂ ಕಟ್ಟಿ ಹೇಳುವುದಿಲ್ಲ.

‘ಬೀ’ ಪ್ರತಿಯಲ್ಲಿ ಹದ್ದು ಬರುತ್ತದೆ. ಬೀಗರು ಮರಾಠಿಯಲ್ಲಿ, ಎರಡೂ ಕೈ ಅಗಲಿಸಿ, ಹದ್ದು ಎಲ್ಲಿಂದ ಎರಗಿತು, ಯಾವ ಕಾಲಿನಿಂದ ಹೊಡೆಯಿತು ಎನ್ನುವುದನ್ನೆಲ್ಲ ಹೇಳಿದರು. ಹದ್ದು ಡ್ರೋನಿನ ಮೇಲೆ ಎರಗುವುದು ಉಂಟು, ಸುಳ್ಳಲ್ಲ. ಆದರೆ ಈ ಹದ್ದು ಮೊದಲ ದಿನದ ನಿರೂಪಣೆಯಲ್ಲಿ ಇರಲಿಲ್ಲ. ಮೂರನೆಯ ದಿನ ಒಂದಿತ್ತು, ಮುಂದಿನ ಭಾನುವಾರಕ್ಕೆ ಜೋಡಿಯಾಯಿತು. ಬೀಗರ ಮಾತನ್ನು ತಳ್ಳಿಹಾಕುವುದು ಹೇಗೆ ಎಂದು ಮಗಳು ಅಂಜಿದಳು. ಭಾಂಡಾರಕರದವರು ವ್ಯಾಸರಿಗೆ ಗಣಪತಿ ಲಿಪಿಕಾರನಾದ ಕಥೆಯನ್ನೇ ಮೂಲಪಾಠದಿಂದ ತೆಗೆದು ಅನುಬಂಧಕ್ಕೆ ಕಳಿಸಿದರು; ಅದೂ ಯಾವ ಊರಿನಲ್ಲಿ ಕೂತು? ಪುಣೆಯಲ್ಲಿ! ಗಣಪತಿಗೇ ರಿಯಾಯಿತಿ ಇಲ್ಲದ ಮೇಲೆ ಹದ್ದಿಗೆ ಏನು? ಹದ್ದುಗಳನ್ನು, ಬೀಗರ ಗೌರವಕ್ಕೆ ಕುಂದು ಬರದಂತೆ, ಅನುಬಂಧ ಒಂದಕ್ಕೆ ಕಳಿಸಿದ್ದೇನೆ.

‘ಹೆ’ ಪ್ರತಿ ಎರಡೇ ವಾಕ್ಯದ್ದು: “ದೃಷ್ಟಿ ಆಗೇದ. ನಾಲ್ಕು ಮಂದಿ ನೋಡೋ ಹಂಗ ಯಾಕ ಹಾರಸಬೇಕಿತ್ತು?” ಜೊತೆಗೆ ಲಿಂಬಿಹಣ್ಣಿನ ವಿಧಿ. ಪಾಠಾಂತರವಿಲ್ಲದ ಪ್ರತಿ ಇದೊಂದೇ. ಎಷ್ಟು ಸಲ ಕೇಳಿದರೂ ಒಂದು ಅಕ್ಷರ ಬದಲಾಗಲಿಲ್ಲ. ಇಂಥ ಶುದ್ಧ ಪರಂಪರೆಯನ್ನು ಕಂಡರೆ ಸಂಪಾದಕನಿಗೆ ಸಂಶಯ ಬರಬೇಕು. ನನಗೆ ಬರಲಿಲ್ಲ. ಅದನ್ನು ಕಡೆಗೆ ಹೇಳುತ್ತೇನೆ.

‘ನಾ’ ಪ್ರತಿಯನ್ನು ನಾನು ಮೊದಲು ಅಪಪಾಠವೆಂದು ಬದಿಗಿಟ್ಟಿದ್ದೆ. ಡ್ರೋನು ತೋಟದ ನಡುವೆ ಬೀಳುತ್ತಿದ್ದರೆ ಆ ನಾಯಿ ಬೊಗಳುತ್ತ ಓಡಿದ್ದು ಬೇಲಿಯ ಕಡೆಗೆ. ಉಳಿದ ಮೂರೂ ಪ್ರತಿಗಳು ಒಂದು ದಿಕ್ಕು, ಇದೊಂದು ಇನ್ನೊಂದು ದಿಕ್ಕು.

ಇಷ್ಟರಲ್ಲಿ ಅಪೌರುಷೇಯವಾದ ಐದನೆಯ ಪ್ರತಿಯೊಂದು ಸಿಕ್ಕಿತು. ಯಂತ್ರದೊಳಗೆ ಬ್ಲ್ಯಾಕ್‌ಬಾಕ್ಸ್ ಎಂಬ ದಾಖಲೆ ಇರುತ್ತದೆ. ಜೈರೋ ಏನು ಕಂಡಿತು, ರೇಡಿಯೊದಿಂದ ಏನು ಅಪ್ಪಣೆ ಬಂತು, ಯಾವ ಮೋಟಾರಿಗೆ ಎಷ್ಟು ಓಡು ಎಂದು ಹೇಳಲಾಯಿತು, ಎಲ್ಲವನ್ನೂ ಅದು ಸೆಕೆಂಡಿಗೆ ನೂರಾರು ಸಲ ಬರೆದಿಡುತ್ತದೆ. ಮೊಮ್ಮಗ ಅದನ್ನು ಲ್ಯಾಪ್‌ಟಾಪಿನಲ್ಲಿ ಬಿಡಿಸಿದಾಗ ನನಗೆ ಓಲೆಗರಿಯ ಕಟ್ಟು ಬಿಚ್ಚಿದಷ್ಟೇ ರೋಮಾಂಚನವಾಯಿತು. ಗರಿಯ ವಾಸನೆ ಮಾತ್ರ ಇರಲಿಲ್ಲ.

ಪೂರ್ವಪಕ್ಷಗಳು ಒಂದೊಂದಾಗಿ ಬಿದ್ದವು. ರೇಡಿಯೊ ಸಂಪರ್ಕ ಕಡಿಯಿತು ಎಂದು ಅಳಿಯಂದಿರ ವಾದ: 2.4 ಗಿಗಾಹರ್ಟ್ಸ್ ಎಂದರೆ ಮನೆಮನೆಯ ವೈಫೈ ನಡೆಯುವ ದಾರಿ, ಅಲ್ಲಿ ಸಂತೆ ಜಾಸ್ತಿ ಅಂತ. ಆದರೆ ಕಡೆಯ ಗಳಿಗೆಯವರೆಗೂ ಅಪ್ಪಣೆ ಬರುತ್ತಲೇ ಇತ್ತೆಂದು ದಾಖಲೆ ಹೇಳುತ್ತದೆ. ಕಡಿದಿದ್ದರೆ ಫೇಲ್‌ಸೇಫ್ ಎದ್ದು ಮೋಟಾರುಗಳನ್ನು ನಿಲ್ಲಿಸುತ್ತಿತ್ತು. ಯಂತ್ರ ಮೌನವಾಗಿ ಕಲ್ಲಿನಂತೆ ಬೀಳುತ್ತಿತ್ತು, ಚೀರುತ್ತಿರಲಿಲ್ಲ. ಬ್ಯಾಟರಿ ಕೈಕೊಟ್ಟಿತು ಎಂದು ಮಗಳ ಊಹೆ. ನಾಲ್ಕು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ ತುಂಬಿದಾಗ 16.8 ವೋಲ್ಟ್, ಹಳತಾದರೆ ಜೋರು ಕೊಟ್ಟಾಗ ವೋಲ್ಟೇಜು ಕುಸಿದು ಮಿದುಳೇ ಮಂಕಾಗುವುದುಂಟು. ಆಗ ದಾಖಲೆಯೂ ಅಲ್ಲಿಗೇ ತುಂಡಾಗುತ್ತದೆ, ಕೊನೆಯ ಗರಿ ಹರಿದ ಪ್ರತಿಯ ಹಾಗೆ. ನಮ್ಮದು ನೆಲ ಮುಟ್ಟುವ ತನಕ ಅಖಂಡವಾಗಿದೆ. ದಿಕ್ಸೂಚಿ ಕೆಟ್ಟಿರಬೇಕು ಎಂದು ಕೆಳಗಿನ ಫ್ಲ್ಯಾಟಿನ ಕಾಕಾ ಮೂರು ಸಲ ಮೇಲೆ ಬಂದು ಹೇಳಿದರು. ದಿಕ್ಸೂಚಿ ಕೆಟ್ಟ ಡ್ರೋನು ಒಂದೇ ಕಡೆ ಅಗಲಗಲವಾಗಿ ಸುತ್ತುತ್ತದೆ, ಬೀಳುವುದಿಲ್ಲ. ಕಬ್ಬಿಣದ ಸರಳಿರುವ ತಾರಸಿಯಿಂದ ಏರಿಸುವವರಿಗೆ ಇದರ ಅನುಭವ ಚೆನ್ನಾಗಿದೆ. ನಮ್ಮದರಲ್ಲಿ ದಿಕ್ಸೂಚಿಯೇ ಇಲ್ಲ. ಕಾಕಾಗೆ ಇದನ್ನು ತಿಳಿಸಿದಾಗ, ಇಲ್ಲದ್ದೇ ಕಾರಣ ಎಂದರು.

ದಾಖಲೆಯಲ್ಲಿ ನಿಜವಾದ ಕ್ಲಿಷ್ಟ ಪಾಠ ಒಂದೇ. ಕುಸಿದ ಗಳಿಗೆಯಲ್ಲಿ ಮೂರನೆಯ ಮೋಟಾರಿನ ಗೆರೆ ಸೀದಾ ನೂರಕ್ಕೆ ಏರಿ ಅಲ್ಲೇ ನಿಂತಿದೆ. ಅದರ ಮೂಲೆಗೆದುರಿನ ಎರಡನೆಯದರ ಗೆರೆ ತಳಕ್ಕಿಳಿದಿದೆ. ಹಾಗಾದರೆ ಮೂರನೆಯದು ಹುಚ್ಚೆದ್ದು ಓಡಿ ಯಂತ್ರವನ್ನು ಮಗುಚಿತು ಎಂದು ನಾನು ಉದ್ಗರಿಸಿದೆ. ಮೊಮ್ಮಗ ತಲೆ ಅಲ್ಲಾಡಿಸಿದ. “ಅಜ್ಜಾ, ಅದು ಮಾಡು ಅಂತ ಹೇಳಿದ್ದು. ಮಾಡಿದ್ದಲ್ಲ.” ಫೀಸು ಕಟ್ಟಿದ ರಸೀದಿ ನೋಡಿ ಮಗ ಪಾಸಾದ ಎಂದು ತಿಳಿಯುವ ತಂದೆಯ ತಪ್ಪನ್ನೇ ನಾನು ಮಾಡಿದ್ದೆ. ಗೆರೆಯನ್ನು ತಿರುಗಿಸಿ ಓದಬೇಕು: ಹಿಂದಿನ ಎಡಮೂಲೆ ಕೆಳಗಿಳಿಯಿತು, ಮಿದುಳು ಗಾಬರಿಯಾಗಿ ಆ ಮೂಲೆಯ ಮೋಟಾರಿಗೆ ಇದ್ದ ಶಕ್ತಿಯನ್ನೆಲ್ಲ ಸುರಿಯಿತು, ಆದರೂ ಮೂಲೆ ಏಳಲಿಲ್ಲ. ನೂರಕ್ಕೆ ಹೋದ ಮೋಟಾರೇ ಏನೂ ಎತ್ತದಿದ್ದ ಮೋಟಾರು.

ನಾಲ್ಕರಲ್ಲಿ ಒಂದು ಹೋದರೆ ಮೂರು ಉಳಿಯುತ್ತದಲ್ಲ, ಇಷ್ಟು ಹಗರಣ ಏಕೆ ಎಂದು ಮಗಳು ಕೇಳಿದಳು. ಎರಡು ಪ್ರೊಪೆಲ್ಲರು ಬಲಕ್ಕೆ ಸುತ್ತಿದರೆ ಎರಡು ಎಡಕ್ಕೆ. ಒಂದರ ತಿರುಚನ್ನು ಇನ್ನೊಂದು ನುಂಗಿಕೊಂಡು ಯಂತ್ರ ನೆಟ್ಟಗಿರುತ್ತದೆ. ಒಂದು ತಪ್ಪಿದರೆ ಮಂಚದ ಕಾಲು ಮುರಿದಂತಾಗುವುದಷ್ಟೇ ಅಲ್ಲ, ಮಂಚ ಬುಗುರಿಯೂ ಆಗುತ್ತದೆ. ಈ ರೋಗಕ್ಕೆ ಇತಿಹಾಸದ ಮೊದಲ ಮದ್ದು ಫ್ರಾನ್ಸಿನಲ್ಲಿ ಸಿಗುತ್ತದೆ. 1907ರಲ್ಲಿ ಲೂಯಿ ಬ್ರೆಗೆಯ ನಾಲ್ಕು ರೋಟಾರಿನ ಯಂತ್ರ ಮನುಷ್ಯನನ್ನು ಹೊತ್ತು ನೆಲ ಬಿಟ್ಟಾಗ ನಾಲ್ಕು ಮೂಲೆಗೂ ಒಬ್ಬೊಬ್ಬರು ನಿಂತು ಅದನ್ನು ಹಿಡಿದುಕೊಂಡಿದ್ದರು. ಬೀಗರ ತೋಟದಲ್ಲಿ ಆಳುಗಳಿಗೆ ಕೊರತೆ ಇರಲಿಲ್ಲ. ಅಷ್ಟು ಎತ್ತರದವರು ಇರಲಿಲ್ಲ.

ಸ್ವದೇಶಿ ಪರಂಪರೆಯನ್ನು ಬಿಟ್ಟೆ ಎಂಬ ಆಕ್ಷೇಪ ಬೇಡ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನೂ ತಿರುವಿದೆ. 1973ರಲ್ಲಿ ಮೈಸೂರಿನಿಂದ ಜಿ. ಆರ್. ಜೋಸ್ಯರ್ ಅದನ್ನು ಇಂಗ್ಲಿಷ್ ಅನುವಾದದೊಡನೆ ಹೊರತಂದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ಕೂಲಂಕಷವಾಗಿ ನೋಡಿ, ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವು ಎಂದರು. ಹಾರಲಾರದ ವಿಮಾನಕ್ಕೆ ಒಂದು ಅನುಕೂಲವಿದೆ: ಅದು ನಿಯಂತ್ರಣ ತಪ್ಪುವುದಿಲ್ಲ. ಚಾಲಕನ ಊಟವೇನು, ಬಟ್ಟೆಯೇನು ಎಂದೂ ಆ ಗ್ರಂಥ ಹೇಳುತ್ತದೆ. ಅವನಿಗೆ ಮೂವತ್ತೆರಡು ರಹಸ್ಯ ತಿಳಿದಿರಬೇಕಂತೆ. ನಮ್ಮ ಚಾಲಕ ಅಂದು ತಿಂದದ್ದು ಮಿಸಳ್, ತೊಟ್ಟದ್ದು ಬರ್ಮುಡಾ. ರಹಸ್ಯ ಎಷ್ಟಿದ್ದವೋ, ಒಂದಂತೂ ಬಚ್ಚಿಟ್ಟುಕೊಂಡಿದ್ದ.

ಅದು ಹೊರಬಿದ್ದದ್ದು ನಾಯಿಯಿಂದ. ಮುಂದಿನ ವಾರ ತೋಟಕ್ಕೆ ಹೋದಾಗ ಬೇಲಿಯ ಬುಡದಲ್ಲಿ ಮಲಗಿದ್ದ ಅದರ ಮುಂದೆ ಕೇಸರಿ ಬಣ್ಣದ ಪ್ಲಾಸ್ಟಿಕ್ಕಿನ ತುಣುಕು ಬಿದ್ದಿತ್ತು. ಗೆದ್ದಲು ತಿಂದ ಗರಿಯಂತೆ ಅಂಚೆಲ್ಲ ಹೋಗಿತ್ತು, ನಡುವಿನ ಭಾಗ ಉಳಿದಿತ್ತು. ಮೂರು ಇಂಚಿನ ಪ್ರೊಪೆಲ್ಲರು. ಅಂದು ‘ನಾ’ ಬೇಲಿಯ ಕಡೆ ಓಡಿದ್ದು ಆಕಾಶದಲ್ಲೇ ಕಳಚಿ ಬೇರೆ ದಿಕ್ಕಿಗೆ ಹಾರಿದ ಇದರ ಹಿಂದೆ! ಮೂರೂ ಪ್ರತಿಗಳು ಬಿದ್ದದ್ದನ್ನು ನೋಡಿದವು, ‘ನಾ’ ಒಂದೇ ಬೀಳಿಸಿದ್ದನ್ನು ನೋಡಿತ್ತು. ಮೂರನೆಯ ಮೋಟಾರನ್ನು ಮೊಮ್ಮಗ ಮೇಜಿನ ಮೇಲೆ ಬರಿದೇ ಓಡಿಸಿದ. ರೆಕ್ಕೆಯ ಭಾರವಿಲ್ಲದ ಮೋಟಾರು ಕಿವಿಗಡಚಿಕ್ಕುವಂತೆ ಚೀರಿತು. ವಿಸ್ತೃತ ಶಾಖೆಯ ಆ ಒಂದು ಪದ ಗೆದ್ದಿತು.

ಭೂತಗನ್ನಡಿ ಹಿಡಿದು ತುಣುಕನ್ನು ಓದಿದೆ. ಈ ಜಾತಿಯ ಪ್ರೊಪೆಲ್ಲರಿಗೆ ಎರಡು ಪುಟ್ಟ ತೂತು, ಎರಡು ಸಣ್ಣ ಸ್ಕ್ರೂ. ಒಂದು ತೂತು ಎಳೆದು ಹರಿದಿತ್ತು. ಇನ್ನೊಂದರಲ್ಲಿ ಸ್ಕ್ರೂ ಕೂತ ಗುರುತೇ ಇರಲಿಲ್ಲ.

“ಎಲ್ಲಾ ಸ್ಕ್ರೂ ಹಾಕಿದ್ದೀ?” ಎಂದೆ.

“ಹಾಕಿದ್ದೆ.”

“ಎಲ್ಲಾ?”

“ಆಲ್‌ಮೋಸ್ಟ್ ಎಲ್ಲಾ.”

ಎಂಟರಲ್ಲಿ ಏಳು. ಹಿಂದಿನ ರಾತ್ರಿ ಮನೆಯೊಳಗೆ ಮೋಟಾರು ಪರೀಕ್ಷೆ ಮಾಡುವ ಮುಂಚೆ ಪ್ರೊಪೆಲ್ಲರು ಬಿಚ್ಚಿದ್ದ. ಬಿಚ್ಚಲೇಬೇಕು, ಬಿಚ್ಚದೆ ಬ್ಯಾಟರಿ ಹಚ್ಚಿದವರ ಬೆರಳುಗಳು ಸಾಕ್ಷಿ ಹೇಳುತ್ತವೆ. ಬಿಚ್ಚಿದ ಎಂಟು ಸ್ಕ್ರೂಗಳನ್ನು ಅಡುಗೆಕಟ್ಟೆಯ ಮೇಲಿನ ಒಂದು ಸ್ಟೀಲ್ ಬಟ್ಟಲಿಗೆ ಹಾಕಿದ್ದ. ಬೆಳಿಗ್ಗೆ ಆ ಬಟ್ಟಲು ಅಲ್ಲಿರಲಿಲ್ಲ. ಕಟ್ಟೆಯ ಮೇಲೆ ಸುರಿದಿದ್ದ ಏಳು ಸಿಕ್ಕವು. ಏಳರಲ್ಲಿ ನಡೆಯುತ್ತದೆ ಎಂದುಕೊಂಡ. ಎರಡು ಬ್ಯಾಟರಿ ಮುಗಿಯುವ ತನಕ ನಡೆಯಿತು ಕೂಡ. ಮೂರನೆಯದರಲ್ಲಿ ಬಲಕ್ಕೆ ಜೋರಾಗಿ ತಿರುಗಿಸುವವರೆಗೆ.

ಎಂಟನೆಯ ಸ್ಕ್ರೂವಿಗೆ ನನ್ನ ಆವೃತ್ತಿಯಲ್ಲಿ ‘ಗ್ರಂಥಪಾತ’ ಎಂದು ಗುರುತು ಹಾಕಿ, ನಕ್ಷತ್ರಚಿಹ್ನೆ ಇಟ್ಟು, ಪ್ರಸ್ತಾವನೆಗೆ ಕೂತೆ. ಕಾಲದಲ್ಲಿ ಕಳೆದುಹೋದ ಪಾಠವನ್ನು ಊಹಿಸಿ ತುಂಬಬಾರದು ಎಂಬ ಎರಡು ಪುಟದ ಗಂಭೀರ ವಿವೇಚನೆ ಅದರಲ್ಲಿದೆ. ಅದನ್ನು ಮುಗಿಸುವ ಹೊತ್ತಿಗೆ ಅಡುಗೆಮನೆಯಿಂದ ಒಗ್ಗರಣೆಯ ಚಟಪಟ ಕೇಳಿತು, ಸ್ವಲ್ಪ ಹೊತ್ತಿಗೆ ನಿಂತಿತು. ಎಲ್ಲ ಪ್ರತಿಗಳಲ್ಲೂ ಶುದ್ಧವಾದ ‘ಹೆ’ ಪ್ರತಿ ಸೌಟು ಹಿಡಿದು ಬಾಗಿಲಿಗೆ ಬಂತು.

“ರೀ, ಇಲ್ಲಿ ನೋಡ್ರಿ. ಈ ಒಂದು ಸಾಸಿವಿ ಆಗಿಂದ ಸಿಡ್ಯಾಕ ಒಲ್ಲದು.”