ಬೀಗ ಬಿದ್ದ ಪಾಠಗಳು

ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರು ಗಾದೆಯಲ್ಲಷ್ಟೇ ಇರುತ್ತಾರೆ ಎನ್ನುವವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದತ್ತ ಒಮ್ಮೆ ನೋಡಬೇಕು. ತರಗತಿಯಲ್ಲಿ ಚಿತ್ರೀಕರಿಸಿದ ಪಾಠಗಳನ್ನು ಅದು ಲೋಕಕ್ಕೆಲ್ಲ ಪುಕ್ಕಟೆ ಹಂಚುತ್ತಿತ್ತು. ಕಿವಿ ಕೇಳದವರಿಗೆ ಸರಿಯಾದ ಅಡಿಬರಹವಿಲ್ಲವಲ್ಲ ಎಂದು ದೂರು ಹೋಯಿತು. 2016ರಲ್ಲಿ ಅಲ್ಲಿನ ನ್ಯಾಯ ಇಲಾಖೆ ಹೌದೆಂದಿತು. ಮರುವರ್ಷ 20,000ಕ್ಕೂ ಹೆಚ್ಚು ಪಾಠಗಳಿಗೆ ಬೀಗ ಬಿತ್ತು, ಕೀಲಿ ಕ್ಯಾಂಪಸ್ಸಿನವರಿಗೆ ಮಾತ್ರ. ಕೆಲವರಿಗೆ ಬಡಿಸಲಾಗಲಿಲ್ಲವೆಂದು ಇಡೀ ಪಂಕ್ತಿಯ ಎಲೆ ಎತ್ತಿ, ಮನೆಯವರು ಒಳಗೆ ಕೂತು ಉಂಡ ಹಾಗೆ. ಇದಕ್ಕೆ ಸಮಾನತೆ ಎಂದು ಹೆಸರು!

ಅಡಿಬರಹಕ್ಕೆ ದುಡ್ಡು ಬೇಡವೇ ಎಂದರೆ, ಬೇಕು. ದೂರೂ ನ್ಯಾಯದ್ದೇ. ಆದರೆ ಹೆಚ್ಚು ಜನ ನೋಡುವ ಪಾಠಗಳಿಂದ ಶುರುಮಾಡಿ, ವಿದ್ಯಾರ್ಥಿಗಳ ಕೈಯಲ್ಲೇ ತಿದ್ದಿಸುತ್ತ ಹೋಗಬಹುದಿತ್ತು. ಬೀಗಕ್ಕೆ ಖರ್ಚು ಕಡಿಮೆ ನಿಜ, ಅದರಿಂದ ಕಿವಿ ಕೇಳದವರಿಗೆ ಒಂದಕ್ಷರವೂ ಸಿಗಲಿಲ್ಲ. ವಿಡಿಯೊ ಹಂಚಿದರೆ ತರಗತಿ ಖಾಲಿಯಾಗುತ್ತದೆಂಬುದು ಇನ್ನೊಂದು ತಕರಾರು. ಹಾಜರಿ ಕಡ್ಡಾಯವಿರುವ ನಮ್ಮಲ್ಲಿ ದೇಹವಂತೂ ಬಂದೇ ಬರುತ್ತದೆ, ಮನಸ್ಸಿನ ಮಾತು ಬೇರೆ. ಬೀಗವಿಲ್ಲದೆ ಹಂಚಿದ ಉದಾಹರಣೆಯೂ ನಮ್ಮಲ್ಲೇ ಇದೆ: ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಆರಂಭಿಸಿದ ಆನ್‌ಲೈನ್ ಕಲಿಕೆಯ ಯೋಜನೆ ಎನ್‌ಪಿಟಿಇಎಲ್‌ನ ಪಾಠಗಳು ಯೂಟ್ಯೂಬಿನಲ್ಲಿವೆ. ನೋಡಲು ಪಾಸ್‌ವರ್ಡ್ ಬೇಕಿಲ್ಲ.