ಲಕ್ಷ್ಮೀ ಪ್ಲಸ್

ನಮ್ಮಲ್ಲಿ ಮಗುವಿಗೆ ಹೆಸರಿಡುವಾಗ ಮನೆದೇವರು, ಮುತ್ತಜ್ಜ, ಜನ್ಮನಕ್ಷತ್ರ ಎಲ್ಲರನ್ನೂ ಕೇಳುತ್ತಾರೆ. ಲಿನಕ್ಸನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದರ ಪಾಪ ಸುತ್ತಿಕೊಳ್ಳುವುದು ಸರ್ವರ್ ಕಾಯುವ ನನ್ನಂಥವರಿಗೆ.

ನಮ್ಮ ಆಫೀಸಿನ ಲಕ್ಷ್ಮೀನರಸಿಂಹಮೂರ್ತಿಗಳನ್ನೇ ನೋಡಿ. ಇಂಗ್ಲಿಷಿನಲ್ಲಿ ಅವರು 22 ಅಕ್ಷರದವರು. ಖಾತೆ ತೆರೆಯುವ ಯೂಸರ್‌ಆ್ಯಡ್ ಚಕಾರವೆತ್ತಲಿಲ್ಲ. ಅದರ ಮಿತಿ ಬಹುಕಾಲ 32 ಇತ್ತು. ಆದರೆ ಯಾರು ಏನು ಓಡಿಸುತ್ತಿದ್ದಾರೆಂದು ಹೇಳುವ ಪಿಎಸ್‌ಗೆ ಹೆಸರಿನ ಅಂಕಣದಲ್ಲಿರುವುದು ಎಂಟೇ ಅಕ್ಷರದ ಜಾಗ. ಅದು ಏಳನ್ನು ಉಳಿಸಿಕೊಂಡು ಮುಂದೆ ಕೂಡಿಸುವ ಚಿಹ್ನೆ ಜಡಿಯಿತು. ಮೀಸೆ ಹೊತ್ತ ಮೂರ್ತಿಗಳು ‘ಲಕ್ಷ್ಮೀ+’ ಆದರು, ಹೆಣ್ಣುಮಕ್ಕಳಿಗೆಂದು ಬ್ಯಾಂಕಿನವರು ತೆರೆದ ಉಳಿತಾಯ ಯೋಜನೆಯ ಹಾಗೆ! ಲಕ್ಷ್ಮೀಕಾಂತ, ಲಕ್ಷ್ಮೀಪತಿ, ಲಕ್ಷ್ಮೀನಾರಾಯಣರೂ ಅಲ್ಲಿ ಲಕ್ಷ್ಮೀ+. ಸರ್ವರ್ ತೆವಳತೊಡಗಿದರೆ ಯಾವ ಲಕ್ಷ್ಮಿಯನ್ನು ತರಾಟೆಗೆ ತೆಗೆದುಕೊಳ್ಳುವುದು? ಯಾರು ಯಾವಾಗ ಬಂದು ಹೋದರೆಂದು ಹೇಳುವ ಲಾಸ್ಟ್‌ಗೆ ಆ ಪ್ಲಸ್ಸಿನ ಸೌಜನ್ಯವೂ ಇಲ್ಲ. ಬಿಡಿಸಿ ಕೇಳದಿದ್ದರೆ ಎಂಟಕ್ಕೆ ಕತ್ತರಿ ಹಾಕಿ ‘ಲಕ್ಷ್ಮೀನ್’ ಎಂದು ಕೈತೊಳೆದುಕೊಳ್ಳುತ್ತದೆ.

ಎಂಟರ ಈ ಲೆಕ್ಕ 1970ರ ದಶಕದ ಯುನಿಕ್ಸ್‌ನಿಂದ ಬಂದ ಪಿತ್ರಾರ್ಜಿತ. ಅದನ್ನು ಕಟ್ಟಿದ ಕೆನ್ ಥಾಂಪ್ಸನ್ನರ ಲಾಗಿನ್ ‘ಕೆಇಎನ್’, ಡೆನಿಸ್ ರಿಚಿಯವರದು ‘ಡಿಎಂಆರ್’. ಮೂರಕ್ಷರದವರಿಗೆ ಎಂಟಕ್ಷರವೇ ಬಂಗಲೆ. ಆಮೇಲೆ ಲಿನಕ್ಸ್‌ನಲ್ಲಿ ಲಾಗಿನ್ ದಾಖಲೆ ಬರೆಯುವ ಯುಟಿಎಂಪಿ ಹೆಸರಿಗೆ 32 ಬೈಟ್ ಕೊಟ್ಟಿತು. ಹೆಸರು ಮುಗಿಯಿತೆಂಬ ಗುರುತಿಗೇ ಅದರಲ್ಲೊಂದು ಬೇಕಲ್ಲ ಎಂದು ಸೇವೆಗಳನ್ನು ಎಬ್ಬಿಸಿ ನಡೆಸುವ ಸಿಸ್ಟಂಡಿಯ ಬಿಗಿ ನಿಯಮ 31ಕ್ಕೆ ಗೆರೆ ಎಳೆಯಿತು. ಪ್ರೋಗ್ರಾಂಗಳು ನೆಚ್ಚಿಕೊಂಡ ಸಿ ಲೈಬ್ರರಿ ಮಾತ್ರ ಆ ಗುರುತೂ ಸೇರಿ 256 ಎಂದು ಧಾರಾಳವಾಗಿ ಕೂತಿದೆ. ಈಚಿನ ಯೂಸರ್‌ಆ್ಯಡ್ ಅದರ ಪಕ್ಷ ಸೇರಿದೆ.

ಹೀಗಾಗಿ ಆಂಧ್ರದ ವೆಂಕಟನರಸಿಂಹರಾಜುವಾರಿಪೇಟ ರೈಲು ನಿಲ್ದಾಣಕ್ಕೆ, ಇಂಗ್ಲಿಷಿನ 28 ಅಕ್ಷರಗಳೊಂದಿಗೆ, ಖಾತೆ ಸಲೀಸಾಗಿ ಸಿಗುತ್ತದೆ. ನಮ್ಮ ಮೂರ್ತಿಗಳು ಊರಭಿಮಾನದಿಂದ ಮುಂದೆ ಹೊಳೆನರಸೀಪುರ ಸೇರಿಸಿದರೋ, 36 ಆಗಿ ಹಳೆಯ ಸರ್ವರಿನ ಬಾಗಿಲಲ್ಲೇ ನಿಲ್ಲಬೇಕು. ಹೊಸದರಲ್ಲಿ ಒಳಗೆ ಬಿಟ್ಟರೂ ಹಾಜರಿ ಪುಸ್ತಕದಲ್ಲಿ ಹೆಸರು ಹಿಡಿಸುವುದಿಲ್ಲ.

ತಮಾಷೆಯೆಂದರೆ, ಈ ಜಗಳವೆಲ್ಲ ಸುತ್ತಲಿನ ಪರಿಚಾರಕರದು. ಒಳಗೆ ಕೂತ ಕರ್ನಲ್‌ಗೆ ಯಾರ ಹೆಸರೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಅದು ಗುರುತಿಸುವುದು ಯುಐಡಿ ಎಂಬ ಸಂಖ್ಯೆಯನ್ನು. ಅಲ್ಲಿ ಎಲ್ಲರಿಗಿಂತ ದೊಡ್ಡವರ ಸಂಖ್ಯೆ 0.